ಹೊಲಿಗೆ ಟೀಚರ್ ಮತ್ತು ನನ್ನ ನಿದ್ದೆ

ಮೊನ್ನೆ ಚೆನ್ನೈನ ಟಿ. ನಗರದಲ್ಲಿ ರವಿಕೆ ಹೊಲಿಯಲು ಕೊಟ್ಟು ಕಾಯುತ್ತಿದ್ದೆ. ಟೈಲರ್ ಮಷಿನ್ನಿಗೆ ಎಣ್ಣೆ ಬಿಟ್ಟರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಶಾಲೆಯ ಹೊಲಿಗೆ ಟೀಚರ್ ಕಣ್ಮುಂದೆ ಬಂದರು...

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಎಂಟನೇ ಕ್ಲಾಸು. ರಾತ್ರಿಯೆಲ್ಲ ಮಲಗಿದರೂ ಹಗಲಲ್ಲಿ ನಿದ್ದೆ ಎಲ್ಲೆಂದರಲ್ಲಿ ನನ್ನನ್ನು ಹಿಡಿಯುತ್ತಿತ್ತು. ಲೆಕ್ಕ ಮಾಡುತ್ತಾ, ಊಟ ಮಾಡುತ್ತಾ, ಒಮ್ಮೆ ಪ್ರಾರ್ಥನೆಯಲ್ಲಿ ನಿಂತೇ! ಗೆಳತಿಯರು ತಮಿಳಿನಲ್ಲಿ 'ತೂಂಗುಮೂಂಜಿ' ಎಂದು ಬಿರುದು ಕೊಟ್ಟರು, ತೂಕಡಿಸುವ ಮೂತಿಯವಳು ಅಂತ. ಹೆಡ್‌ಮಿಸ್ಟ್ರೆಸ್ ಅಪ್ಪನನ್ನು ಕರೆಸಿ, ಹೀಗೇ ಆದರೆ ಶಾಲೆ ಬಿಡಿಸಿ ಎಂದರು.

ಅದೇ ವಾರ ಹೊಲಿಗೆ ಕ್ಲಾಸಿನಲ್ಲಿ ಕಾಜಾ ಹಾಕುತ್ತಲೇ ಮಲಗಿಬಿಟ್ಟೆ. ಎಚ್ಚರವಾದಾಗ ಟೀಚರ್ ನನ್ನ ಕೈಯ ಸೂಜಿ ತೆಗೆದಿಟ್ಟು ಪಕ್ಕದಲ್ಲೇ ಕೂತಿದ್ದರು. ಅವರೂ ಕನ್ನಡದವರೇ.

"ಜೋರಾಗಿ ನಕ್ಕರೆ ಮೊಣಕಾಲು ಕುಸಿಯತ್ತೇನೇ?"

ಬೆಚ್ಚಿದೆ. ಅದನ್ನು ಅಮ್ಮನಿಗೂ ಹೇಳಿರಲಿಲ್ಲ.

"ನಂಗೂ ಹಾಗೇ ಕಣೇ. ಇದು ಸೋಮಾರಿತನ ಅಲ್ಲ, ಕಾಯಿಲೆ. ಡಾಕ್ಟ್ರು ನಾರ್ಕೊಲೆಪ್ಸಿ ಅಂತಾರೆ."

ಕೆಲಸ ಹೋದೀತೆಂದು ಅವರು ಅದನ್ನು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗಂಡ ತೀರಿಕೊಂಡಿದ್ದರು, ಚಿಕ್ಕ ಮಗಳಿದ್ದಳು. ಆದರೂ ಮರುದಿನ ಪ್ರಾರ್ಥನೆ ಮುಗಿದದ್ದೇ ವೇದಿಕೆ ಹತ್ತಿ, ಈ ಹುಡುಗಿಗಿರುವ ಕಾಯಿಲೆ ನನಗೂ ಇದೆ ಎಂದು ತಮಿಳಿನಲ್ಲಿ ಎಲ್ಲರೆದುರು ಹೇಳಿಯೇಬಿಟ್ಟರು. ಒಮ್ಮೆ ನಿದ್ದೆಯ ಮಂಪರಿನಲ್ಲಿ ತಮ್ಮ ಸೆರಗನ್ನೇ ಕಿಟಕಿಯ ಪರದೆಗೆ ಸೇರಿಸಿ ಹೊಲಿದದ್ದನ್ನು, ಎದ್ದು ಹೊರಟಾಗ ಪರದೆಯೂ ಹಿಂದೆಯೇ ಬಂದದ್ದನ್ನು ವರ್ಣಿಸಿದರು. ಇಡೀ ಶಾಲೆ ಗೊಳ್ಳೆಂದಿತು. ಅವರಿಗೂ ನಗು ಉಕ್ಕಿತು... ಮೊಣಕಾಲು ಮಡಚಿ ಅಲ್ಲೇ ಕುಸಿದರು.

ನಗು ನಿಂತುಹೋಯಿತು. ಹೆಡ್‌ಮಿಸ್ಟ್ರೆಸ್ ಓಡಿಬಂದರು. ಸ್ವಲ್ಪ ಹೊತ್ತಿಗೆ ಟೀಚರ್ ಕೂತಲ್ಲಿಂದಲೇ ಕೈಯೆತ್ತಿ, ಹೆದರಬೇಡಿ ಎಂದರು. "ಎಲ್ಲಾ ಕೇಳಿಸ್ತಾ ಇತ್ತು. ನಾನು ಹೇಳಿದ್ದು ಇದನ್ನೇ. ಈಗ ನೋಡಿದ್ರಲ್ಲ?"

ಅವರ ಕೆಲಸ ಹೋಗಲಿಲ್ಲ. ಹೆಡ್‌ಮಿಸ್ಟ್ರೆಸ್ಸೇ ಹೊಲಿಗೆ ಕೋಣೆಗೆ ಎರಡು ಚಾಪೆ ಕಳಿಸಿದರು. ದಿನಾ ಮಧ್ಯಾಹ್ನ ಗುರುಶಿಷ್ಯೆಯರಿಬ್ಬರೂ ಅಕ್ಕಪಕ್ಕ ಮಲಗಿ ಏಳುತ್ತಿದ್ದೆವು. ಆಮೇಲೆ ಅವರೇ ಅಪ್ಪನ ಜೊತೆ ಬಂದು ನನ್ನನ್ನು ದೊಡ್ಡಾಸ್ಪತ್ರೆಯಲ್ಲಿ ತೋರಿಸಿದರು. ನಾನು ಓದಿದೆ, ಪಾಸಾದೆ, ನಾನೂ ಟೀಚರ್ ಆದೆ.

ಟೀಚರ್ ತೀರಿಹೋಗಿ ಬಹಳ ವರ್ಷಗಳಾದವು. ಕೊನೆಗಾಲದಲ್ಲಿ ರಾಯಪುರಂನ ಮಗಳ ಮನೆಯಲ್ಲಿದ್ದರಂತೆ. ನನಗೆ ಸುದ್ದಿ ಬಂದದ್ದು ತಡವಾಗಿ...

ಈಗಲೂ ಶಾಲೆಗಳು ಕರೆದರೆ ಹೋಗಿ ಈ ಕಾಯಿಲೆಯ ಬಗ್ಗೆ ಮಾತಾಡುತ್ತೇನೆ. ಹೋದ ತಿಂಗಳು ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಂದು, "ಪಾಟ್ಟಿ, ಎನಕ್ಕುಂ ಅಪ್ಪಡಿದಾನ್" ಎಂದು ಪಿಸುಗುಟ್ಟಿದಳು. ಅಜ್ಜೀ, ನನಗೂ ಹಾಗೇನೇ. ಅವಳ ಕೈ ಹಿಡಿದುಕೊಂಡೆ. ಇವಳನ್ನು ಈಗಲೇ ಟೀಚರ್ ಹತ್ತಿರ ಕರೆದುಕೊಂಡು ಹೋಗಬೇಕು ಅನ್ನಿಸಿತು. ಅವರಿಲ್ಲವೆಂಬುದು ಒಂದು ಗಳಿಗೆ ಮರೆತೇಹೋಗಿತ್ತು.