ನಾನು ಮಾಡದ ಫೋನು

ಬೀಡಿ ಕಟ್ಟುವ ಜಗಲಿಯಲ್ಲಿ ಭೂತ ಪ್ರೇತದ ಕತೆಗಳಿಗೆ ಬರವಿಲ್ಲ. ಕೈ ಅದರಷ್ಟಕ್ಕೆ ಎಲೆ ಸುತ್ತುತ್ತಿರುತ್ತದೆ, ಬಾಯಿಗೂ ಕೆಲಸ ಬೇಕಲ್ಲ. ಅಂಥ ಕತೆ ಬಂದಾಗೆಲ್ಲ "ನೋಡಿದವರು ಯಾರು? ನೀನಾ?" ಎಂದು ಕೇಳಿ ಮಜಾ ಕೆಡಿಸುತ್ತಿದ್ದವಳು ನಾನು. ಈಗ ನನ್ನದೇ ಒಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂದು ಹೇಳುವುದಿಲ್ಲ. ಆರನೆಯ ಕ್ಲಾಸನ್ನು ಪೂರ್ತಿ ಓದದವಳು, ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮದು ವರ್ಕಾಡಿ, ಕೇರಳದ ಗಡಿಯ ಊರು. ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಸದಾಶಿವ ಕಾಸರಗೋಡಿನ ಒಂದು ಸಣ್ಣ ರೇಡಿಯೋ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ. ಮಧ್ಯಾಹ್ನ ಎರಡೂವರೆಗೆ ಅರ್ಧ ಗಂಟೆ ಅವನದೊಂದು ಕನ್ನಡ ಕಾರ್ಯಕ್ರಮ. ಹಾಡಿಲ್ಲ, ಸಿನೆಮಾ ಸುದ್ದಿ ಇಲ್ಲ, ಬರೀ ಮಾತು. ಬೀಡಿ ಕಟ್ಟುವವರು, ಮೀನು ಮಾರುವವರು, ಕಲ್ಲು ಕಡಿಯುವವರು ಫೋನ್ ಮಾಡಿ ತಮ್ಮ ಕೆಲಸದ ಸುಖದುಃಖ ಹೇಳಬೇಕು, ಅವನು ಕೇಳಬೇಕು. ಮೊದಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ಎಲ್ಲರ ಕೈಗೂ ದೊಡ್ಡ ಫೋನ್ ಬಂತು. ರೇಡಿಯೋ ಹಾಕುವವರು ಕಡಿಮೆಯಾದರು. ಸ್ಟೇಷನ್ನಿನವರಿಗೆ ಹಾಡು, ತಮಾಷೆ ಬೇಕಾಯಿತು. ಅದೂ ಮಲಯಾಳದಲ್ಲಿದ್ದರೆ ಜಾಹೀರಾತು ಸಿಗುತ್ತದಂತೆ. ಬರೀ ಮಾತು, ಅದೂ ಕನ್ನಡದ್ದು, ಯಾರಿಗೆ ಬೇಕು ಎಂದು ಮೇಲಿನವರು ಕೇಳತೊಡಗಿದರು.

ಕೇಳುವವರು ಇದ್ದರು. ನಮ್ಮ ಜಗಲಿಯಲ್ಲೇ ನಾನೂ ನೆರೆಮನೆಯ ನೆಬಿಸಳೂ ದಿನಾ ಕೇಳುತ್ತಿದ್ದೆವು. ಆದರೆ ಬೀಡಿಯ ಮೊರದ ಮುಂದೆ ಕುಳಿತವಳ ಬೆರಳ ತುಂಬ ಹೊಗೆಸೊಪ್ಪಿನ ಪುಡಿ, ಕೈಯಲ್ಲಿ ಕತ್ತರಿ ಇಲ್ಲವೇ ನೂಲು. ಸಂಜೆಯೊಳಗೆ ಕಟ್ಟಿದ್ದನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದು ಕೊಡಬೇಕು. ಅದರ ಮಧ್ಯೆ ಫೋನ್ ಹಿಡಿಯುವವರು ಯಾರು? ಅವನನ್ನು ಕೇಳುತ್ತಿದ್ದವರೆಲ್ಲ ಕೈ ಬಿಡುವಿಲ್ಲದವರು. ಸ್ಟೇಷನ್ನಿನಲ್ಲಿ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಫೋನ್ ಮಾಡಿದವರನ್ನು ಮಾತ್ರ.

ಫೋನ್ ಬಾರದ ದಿನ ಆ ಅರ್ಧ ಗಂಟೆಯನ್ನು ಸದಾಶಿವನೇ ಮಾತಾಡಿ ತುಂಬಿಸಬೇಕಿತ್ತು. ಹಾಗೆ ಒಂದು ದಿನ ನನ್ನ ಕತೆ ಹೇಳಿಬಿಟ್ಟ. ತಮ್ಮ ಓದಲಿ ಎಂದು ಅಕ್ಕ ಆರನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟಳು, ಬೀಡಿ ಕಟ್ಟಿ ತನ್ನನ್ನು ಕಾಲೇಜಿಗೆ ಕಳಿಸಿದಳು ಎಂದ. ನೆಬಿಸ ತಲೆಯ ಶಾಲಿನಿಂದ ಕಣ್ಣೊರೆಸಿಕೊಂಡಳು. ನಾನು ಮೊರದಿಂದ ತಲೆ ಎತ್ತಲಿಲ್ಲ.

ಆ ಕತೆ ಸುಳ್ಳು. ಅವನಿಗೆ ಅದು ಗೊತ್ತಿರಲಿಲ್ಲ, ನಂಬಿಸಿದವಳು ನಾನು. ಒಂದು ದಿನ ಮಾಸ್ಟ್ರು ನನ್ನನ್ನು ನಿಲ್ಲಿಸಿ ಪಾಠ ಓದಲು ಹೇಳಿದರು. ಸರಾಗ ಓದಲು ಬರಲಿಲ್ಲ. ಇಡೀ ಕ್ಲಾಸು ನಕ್ಕಿತು. ಮತ್ತೆ ಶಾಲೆಗೆ ಕಾಲಿಡುವ ಧೈರ್ಯವಾಗಲಿಲ್ಲ. ಅಮ್ಮನ ಹತ್ತಿರ, "ನಮ್ಮ ಸದಾ ಓದಲಿ, ನಾನು ಬೀಡಿ ಕಟ್ಟುತ್ತೇನೆ" ಎಂದೆ. ಅಮ್ಮ ಅಪ್ಪಿಕೊಂಡು ಅತ್ತಳು. ಆಮೇಲೆ ನಿಜ ಹೇಳುವುದು ಹೇಗೆ? ತಮ್ಮ ತನ್ನ ಮದುವೆಯ ದಿನ ಅಮ್ಮನಿಗಿಂತ ಮೊದಲು ನನ್ನ ಕಾಲಿಗೆ ಬಿದ್ದ. ತಲೆ ಮುಟ್ಟಿ ಆಶೀರ್ವಾದ ಮಾಡಿದೆ.

ಸ್ವಲ್ಪ ದಿನ ಕಳೆದು ಅವನು ಮನೆಗೆ ಬಂದ.

"ಅಕ್ಕ, ಈ ವಾರ ಫೋನ್ ಎಷ್ಟು ಬರ್ತದೆ ಅಂತ ನೋಡ್ತಾರಂತೆ. ಇಲ್ಲದಿದ್ರೆ ಕಾರ್ಯಕ್ರಮ ಬಂದ್. ಶುಕ್ರವಾರ ನೀನೊಂದು ಫೋನ್ ಮಾಡು."

"ನಾನೆಂತ ಮಾತಾಡುದು?"

"ಶಾಲೆ ಬಿಟ್ಟ ಕತೆಯೇ ಹೇಳು. ನಿನ್ನ ಬಾಯಲ್ಲೇ ಬಂದ್ರೆ ಮತ್ತೆ ಕೇಳುದು ಬೇಡ."

"ಆಯ್ತು ಮಾರಾಯ, ಮಾಡ್ತೇನೆ" ಎಂದೆ. ಮಾಡುವ ಮನಸ್ಸು ಆಗಲೇ ಇರಲಿಲ್ಲ.

ಶುಕ್ರವಾರ ಊಟವಾದ ಮೇಲೆ ಫೋನನ್ನು ಸ್ವಿಚ್ ಆಫ್ ಮಾಡಿ ಅಡುಗೆಮನೆಯ ಅಕ್ಕಿ ಡಬ್ಬದೊಳಗೆ ಹಾಕಿದೆ. ಬಂದು ನೆಬಿಸಳ ಪಕ್ಕ ಮೊರ ಹಿಡಿದು ಕುಳಿತೆ. ನೂಲು ತುಂಡಾಗುತ್ತಿತ್ತು, ಬೀಡಿ ಸಡಿಲವಾಗುತ್ತಿತ್ತು. ರೇಡಿಯೋದಲ್ಲಿ ಸದಾಶಿವ ನಂಬರನ್ನು ಮತ್ತೆ ಮತ್ತೆ ಹೇಳಿದ. "ಯಾರಾದರೂ ಇದ್ದೀರಾ?" ಎಂದು ಕೇಳಿದ. ಅಡುಗೆಮನೆಗೆ ಹತ್ತು ಹೆಜ್ಜೆ. ನಾನು ಏಳಲಿಲ್ಲ.

ಅಷ್ಟರಲ್ಲಿ ಅವನು ಎಲ್ಲರನ್ನೂ ಕೇಳುವ ಹಾಗೆಯೇ, "ಹಲೋ, ಯಾರು ಮಾತಾಡುದು?" ಎಂದ.

"ನಾನು, ಸದಾ. ಅಕ್ಕ."

ಅದು ನನ್ನ ಸ್ವರ. ಹೊಗೆಸೊಪ್ಪಿನ ಪುಡಿಗೆ ನಡುನಡುವೆ ಬರುವ ನನ್ನ ಕೆಮ್ಮು ಕೂಡ ಇತ್ತು. ಮಾಸ್ಟ್ರು ನಿಲ್ಲಿಸಿದ್ದು, ಮಕ್ಕಳು ನಕ್ಕದ್ದು ಎಲ್ಲ ಹೇಳಿತು. ಮನೆಗೆ ಬರುವಾಗ ಪಾಠದ ಪುಸ್ತಕವನ್ನು ನೀರಿನ ತೋಡಿನ ಬದಿಯ ಕಲ್ಲಿನ ಸಂದಿಗೆ ತುರುಕಿದ್ದನ್ನೂ ಹೇಳಿತು. ಅದನ್ನು ನಾನು ಯಾರಲ್ಲೂ ಹೇಳಿದವಳಲ್ಲ. ಕೊನೆಗೆ, "ನಿನಗೋಸ್ಕರ ಬಿಟ್ಟದ್ದಲ್ಲ ಸದಾ. ಹೆದರಿ ಬಿಟ್ಟದ್ದು. ನೀನು ಇಷ್ಟು ವರ್ಷ ಋಣ ಹೊತ್ತದ್ದು ಸಾಕು" ಎಂದಿತು. ಫೋನ್ ಇಟ್ಟ ಸದ್ದಾಯಿತು.

ನೆಬಿಸ ಕತ್ತರಿ ಕೆಳಗಿಟ್ಟಳು. "ಎಂತದು ಮಾರಾಯ್ತಿ! ನೀನು ಇಲ್ಲಿ, ಸ್ವರ ಅಲ್ಲಿ! ಮೊದಲೇ ರೆಕಾರ್ಡ್ ಮಾಡಿ ಕೊಟ್ಟದ್ದಾ?"

ಹೌದೆಂದು ತಲೆಯಾಡಿಸಿದೆ.

"ಕಳ್ಳಿ! ನನ್ನತ್ರ ಒಂದು ಮಾತು ಹೇಳ್ಲಿಲ್ಲ ನೋಡು" ಎಂದು ತೊಡೆಗೊಂದು ಕೊಟ್ಟಳು.

ಒಳಗೆ ಹೋಗಿ ಡಬ್ಬಕ್ಕೆ ಕೈಹಾಕಿದೆ. ಫೋನ್ ಆಫ್ ಆಗಿಯೇ ಇತ್ತು. ಆನ್ ಮಾಡಿ ನೋಡಿದರೆ ಅಂದು ಯಾರಿಗೂ ಕರೆ ಹೋಗಿರಲಿಲ್ಲ.

ಸಂಜೆ ಸದಾಶಿವ ಬಂದ. ಬೈಯುತ್ತಾನೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಕುಳಿತು, "ನಿನ್ನ ನಂಬರ್ ಕಂಡಾಗಲೇ ಜೀವ ಬಂತು ಅಕ್ಕ. ನನಗೆಂತ ಸಿಟ್ಟಿಲ್ಲ. ಅಷ್ಟು ಜನ ಕೇಳುವಾಗ ಅದನ್ನು ಹೇಳ್ಲಿಕ್ಕೆ ಧೈರ್ಯ ಬೇಕು. ನನ್ನಿಂದ ಆಗ್ತಿರ್ಲಿಲ್ಲ" ಎಂದ. ಫೋನ್ ಮಾಡಿದ್ದು ನಾನಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಾಡದ ತ್ಯಾಗಕ್ಕೆ ಅಷ್ಟು ವರ್ಷ ಹೊಗಳಿಸಿಕೊಂಡವಳು, ಇಲ್ಲದ ಧೈರ್ಯಕ್ಕೂ ಹೊಗಳಿಸಿಕೊಂಡೆ.

ಕಾರ್ಯಕ್ರಮ ಉಳಿಯಲಿಲ್ಲ. ಮುಂದಿನ ವಾರದಿಂದ ಎರಡೂವರೆಗೆ ಹಾಡು ಬಂತು. ಆ ದಿನದ ರೆಕಾರ್ಡನ್ನು ತಮ್ಮ ನನ್ನ ಫೋನಿಗೂ ಕಳಿಸಿದ್ದಾನೆ. ಒಬ್ಬಳೇ ಇದ್ದಾಗ ಕೇಳಿದ್ದೇನೆ. ಯಾರೋ ಅನುಕರಣೆ ಮಾಡಿದ್ದೆಂದರೆ ಆ ಪುಸ್ತಕದ ಸಂಗತಿ ಅವರಿಗೆ ಗೊತ್ತಾದದ್ದು ಹೇಗೆ? ನಾನೇ ಗೊತ್ತಿಲ್ಲದೆ ಎದ್ದು ಹೋಗಿ ಮಾಡಿದೆನೇ ಎಂದರೆ, ನೆಬಿಸಳ ಪಕ್ಕದಿಂದ ನಾನು ಕದಲಿದ್ದೇ ಇಲ್ಲ.

ಸದಾಶಿವ ಈಗ ಕಾಸರಗೋಡಿನ ವಿದ್ಯಾನಗರದಲ್ಲಿ ಒಂದು ಅಂಗಡಿಯಲ್ಲಿದ್ದಾನೆ. ಆ ಮಾತಿನ ಹುಚ್ಚು ಬಿಟ್ಟಿಲ್ಲ. ಜನ ತಮಗೆ ಬೇಕಾದಾಗ ಫೋನಿನಲ್ಲೇ ಕೇಳುವ ಹಾಗೆ ಅದನ್ನು ಮತ್ತೆ ಶುರು ಮಾಡುತ್ತಾನಂತೆ. ಬರುವ ಭಾನುವಾರ ನಮ್ಮ ಜಗಲಿಯಲ್ಲೇ ಮೊದಲ ರೆಕಾರ್ಡಿಂಗ್. "ಅವತ್ತು ಹೇಳಿದ್ದನ್ನೇ ಇನ್ನೊಮ್ಮೆ ಹೇಳು ಅಕ್ಕ, ಸಾಕು" ಎಂದಿದ್ದಾನೆ. ಒಪ್ಪಿಕೊಂಡಿದ್ದೇನೆ. ಆ ಮಾತನ್ನು ನಾನು ಒಮ್ಮೆಯೂ ಆಡಿಲ್ಲವೆಂದು ಅವನಿಗೆ ಗೊತ್ತಿಲ್ಲ.

ಮೈಕಿನ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಆ ಸ್ವರ ಬಂದುಬಿಟ್ಟರೆ ಎಂಬ ಹೆದರಿಕೆ ಉಂಟು. ಈ ಸಲ ಅದು ಬಾರದೆ ಹೋದರೆ, ನಾನೇ ಮಾತಾಡಬೇಕಲ್ಲ ಎಂಬ ಹೆದರಿಕೆ ಅದಕ್ಕಿಂತಲೂ ದೊಡ್ಡದು.