ಪ್ರಭುಲಿಂಗಪ್ಪನ ಮೂಗು, ಪಂಪಿನ ಕೆಂಪು ದೀಪ

ನರಗುಂದದ ಪೇಟೆಯಲ್ಲಿ ಕೊಂಡ ಮಾಲು ಖರೆಯದೋ ಖೋಟಾವೋ ಎಂದು ಸಂಶಯ ಬಂದವರು ಅದನ್ನು ಪ್ರಭುಲಿಂಗಪ್ಪನ ಮೂಗಿನ ಹತ್ತಿರ ಒಯ್ಯುತ್ತಿದ್ದರು. ಪಂಪು, ಪೈಪು, ಬೆಲ್ಟು, ಬೇರಿಂಗುಗಳ ಅಂಗಡಿ ಅವನದು. ಬೆಲ್ಟಾದರೆ ಮೂಸುತ್ತಿದ್ದ, ಬೇರಿಂಗಾದರೆ ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಿದ್ದ, ವೈರಾದರೆ ಉಗುರಿನಿಂದ ಕೆರೆಯುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ, ಒಂದು ಗಳಿಗೆ ತಡೆದು, ತೀರ್ಪು ಕೊಡುತ್ತಿದ್ದ. ಈ ಸೇವೆಗೆ ಅವನು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಖೋಟಾ ಎಂದು ಕೇಳಿದವನು ಹಾಗಾದರೆ ಖರೇ ಮಾಲು ಎಲ್ಲಿ ಸಿಗುತ್ತದೆ ಎಂದು ಅಲ್ಲೇ ನಿಂತು ಕೇಳುತ್ತಿದ್ದನಲ್ಲ, ಅಷ್ಟು ಸಾಕಾಗಿತ್ತು.

ಅವನಿಗೆ ಇನ್ನೊಂದು ರೂಢಿ ಇತ್ತು. ಮೋಟಾರಿರಲಿ, ಪಂಪಿರಲಿ, ಪೂಜೆ ಮಾಡದೆ ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ. ಮೊದಲು ಚಾಲೂ ಮಾಡಿ ತೋರಿಸುವುದು. ಗಿರಾಕಿ ತಲೆಯಾಡಿಸಿದ ಮೇಲೆ ವಿಭೂತಿಯ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತಿಕ್ಕಿ, ಮಷೀನಿನ ಹಣೆಗೆ ಮೂರು ಬೆರಳಿನಿಂದ ಎಳೆಯುವುದು. ಕಾಯಿ ಒಡೆದು ಅದರ ನೀರನ್ನು ಚಿಮುಕಿಸುವುದು. ಯಾವ ಮಷೀನಿನ ಹಣೆ ಎಲ್ಲಿದೆ ಎಂಬುದನ್ನು ತೀರ್ಮಾನಿಸುವವನು ಅವನೇ. ಅದರ ಬಗ್ಗೆ ಯಾರೂ ತಕರಾರು ಮಾಡಿರಲಿಲ್ಲ.

ಈ ಹಂಗಾಮಿಗೆ ಬೆಳೆಗೆ ಎಣ್ಣೆ, ಅಂದರೆ ಹುಳದ ಔಷಧಿ, ಹೊಡೆಯುವ ಹೊಸ ನಮೂನೆಯ ಬೆನ್ನಿನ ಪಂಪು ಬಂತು. ಹಳೆಯದರ ಬ್ಯಾಟರಿ ಹೊಟ್ಟೆಯೊಳಗೆ ಮುಚ್ಚಿಕೊಂಡಿರುತ್ತಿತ್ತು. ಇದರದ್ದು ಡಬ್ಬಿಯಂತೆ ಹೊರಗೆ ಬರುತ್ತಿತ್ತು, ಮನೆಗೆ ಒಯ್ದು ಚಾರ್ಜ್ ಮಾಡಬಹುದಿತ್ತು. "ಇದಕ್ಕ ಬ್ಯಾರೆ ಬ್ಯಾಟರಿ ನಡಿಯೂದಿಲ್ರಿ, ತಾನ ಗುರ್ತು ಹಿಡಿತೈತಿ" ಎಂದು ಕಂಪನಿಯ ಹುಡುಗ ಅನಿಲಕುಮಾರ ಹೇಳಿದ್ದ. ಪ್ರಭುಲಿಂಗಪ್ಪ ಹೂಂ ಎಂದಿದ್ದ. ಕಂಪನಿಯವರು ಮಾತಾಡುವಾಗ ವ್ಯಾಪಾರಿಯ ತಲೆ ಹೂಂ ಎನ್ನುತ್ತಿರುತ್ತದೆ, ಕಿವಿ ಗಿರಾಕಿಯ ಕಡೆ ಇರುತ್ತದೆ.

ಹೊಸ ಪಂಪನ್ನು ಮೊದಲು ಕೊಂಡವಳು ಕೊಣ್ಣೂರಿನ ಉಡಚವ್ವ. ಕೂಲಿಗೆ ಎಣ್ಣೆ ಹೊಡೆಯುವವಳು. ಇಷ್ಟು ದಿನ ಬಾಡಿಗೆ ಪಂಪು ಹೊತ್ತವಳು ಈಗ ಸ್ವಂತದ್ದು ಬೇಕೆಂದು ಬಂದಿದ್ದಳು. ಕಡಲೆಗೆ ಹುಳ ಬಿದ್ದ ಕಾಲ, ಕೈತುಂಬ ಕೆಲಸ. ನೀರು ತುಂಬಿ ಗುಂಡಿ ಒತ್ತಿದ್ದೇ ಹಸಿರು ದೀಪ ಹತ್ತಿತು. ನೀರು ರಸ್ತೆ ದಾಟಿ ಎದುರಿನ ಬೀಜದಂಗಡಿಯ ಕಳಕೇಶನ ಧೋತರಕ್ಕೆ ಬಿತ್ತು.

"ಪ್ರಭಣ್ಣ, ನನ್ನ ಮ್ಯಾಲೆ ಯಾವ ಹುಳ ಕಂಡಿ?" ಎಂದ ಕಳಕೇಶ.

ಉಡಚವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಪ್ರಭುಲಿಂಗಪ್ಪ ಪೂಜೆಗೆ ತೊಡಗಿದ. ಪಂಪಿನ ಜೀವ ಇರುವುದು ಅದರಲ್ಲೇ ಎಂದು ಬ್ಯಾಟರಿಯನ್ನು ಹೊರಗೆ ತೆಗೆದ. ಬ್ಯಾಟರಿಯ ಮೈತುಂಬ ಬರಹ, ಚಿತ್ರ. ನುಣ್ಣಗೆ ಹೊಳೆಯುತ್ತ ಹಣೆಯ ಹಾಗೆ ಇದ್ದದ್ದು ಮೂರು ಲೋಹದ ಪಟ್ಟಿಗಳಿದ್ದ ಒಂದೇ ಮಗ್ಗುಲು. ಅಲ್ಲಿ ಮೂರೆಳೆ ವಿಭೂತಿ ಎಳೆದು, ಕಾಯಿನೀರು ಚಿಮುಕಿಸಿ, ಕೈಮುಗಿದು ಕೊಟ್ಟ. ಅವಳೂ ಕೈಮುಗಿದು ಬಸ್ಸು ಹತ್ತಿದಳು.

ಮರುದಿನ ಪಂಪು ಬೆನ್ನಿಗೇರಿಸಿಕೊಂಡೇ ಅಂಗಡಿಯ ಮುಂದೆ ಬಂದು ನಿಂತಳು.

"ಸಾವಕಾರ್ರ, ಇದು ನಿಮ್ಮ ಮುಂದ ಅಷ್ಟ ನಡಿತೈತೇನ್ರಿ?"

"ಯಾಕವಾ, ಏನಾತು?"

"ಕೆಂಪ ದೀಪ ಮಿಣಕತೈತಿ, ಮುಂದ ಮಾತಿಲ್ಲ. ಹೊಲದವರು ನನ್ನ ಮಾರಿ ನೋಡ್ತಾರ, ನಾ ಪಂಪಿನ ಮಾರಿ ನೋಡ್ತೀನಿ. ಕಡ್ಲಿ ಒಳಗಿನ ಹುಳ ನಮ್ಮಿಬ್ಬರನ್ನೂ ನೋಡಿ ನಕ್ಕಿರಬೇಕು."

ಕಳಕೇಶ ಆಗಲೇ ರಸ್ತೆ ದಾಟಿ ಬಂದಿದ್ದ. ಪಂಪಿನ ಜೊತೆ ಬಂದ ಪುಸ್ತಕವನ್ನು ತೆಗೆದು, ಕೆಂಪು ದೀಪ ಮಿಣುಕಿದರೆ ಏನರ್ಥ ಎಂದು ಇದ್ದಲ್ಲಿ ಬೆರಳಿಟ್ಟು, ಇಡೀ ಪೇಟೆಗೆ ಕೇಳುವ ಹಾಗೆ ಓದಿದ: "ಬ್ಯಾಟರಿ ಅಸಲಿ ಅಲ್ಲ."

ಪ್ರಭುಲಿಂಗಪ್ಪನ ಅಂಗಡಿಯಲ್ಲಿ ಆ ಮಾತನ್ನು ಇದುವರೆಗೆ ಪ್ರಭುಲಿಂಗಪ್ಪನೇ ಹೇಳುತ್ತಿದ್ದ. ಬೇರೆಯವರ ಬಾಯಲ್ಲಿ ಅದು ಹೇಗೆ ಕೇಳಿಸುತ್ತದೆ ಎಂಬುದು ಅವನಿಗೆ ಮೊದಲ ಸಲ ಗೊತ್ತಾಯಿತು. ಬ್ಯಾಟರಿಯನ್ನು ಇಸಿದುಕೊಂಡು ಮೂಸಿದ. ವಿಭೂತಿಯ ವಾಸನೆ, ಪ್ಲಾಸ್ಟಿಕ್ಕಿನ ವಾಸನೆ. ಖರೆಯದೇ.

"ಒಂದ ಏನೋ ಹಂಗ ಬಂದಿರ್ತೈತಿ. ಇನ್ನೊಂದು ಒಯ್ಯವಾ," ಎಂದು ಹೊಸ ಡಬ್ಬಿ ಬಿಚ್ಚಿದ. ಹಾಕಿದ, ಹಸಿರು ದೀಪ ಬಂತು. ಮೊದಲಿನದಕ್ಕೆ ಯಾರದೋ ಕಣ್ಣು ತಗುಲಿರಬೇಕು ಎಂದು ಕಳಕೇಶನ ಕಡೆ ನೋಡುತ್ತ, ಎರಡನೆಯದಕ್ಕೆ ವಿಭೂತಿಯನ್ನು ಇನ್ನಷ್ಟು ದಪ್ಪಗೆ ಬಳಿದು ಕೊಟ್ಟ. ಮೊದಲಿನದೂ ಇರಲಿ ಎಂದು ಅವಳ ಗಂಟಿಗೇ ಸೇರಿಸಿದ.

ಅದೂ ಹೊಲದಲ್ಲಿ ಕೆಂಪು ದೀಪ ತೋರಿಸಿತು. ಈ ಸಲ ಉಡಚವ್ವ ತಾನೇ ಬರಲಿಲ್ಲ, ಫೋನು ಮಾಡಿದಳು. ಬರುವುದಕ್ಕಿಂತ ಅದು ಕೆಟ್ಟದಾಗಿತ್ತು.

"ನಾನೇನೂ ಅನ್ನೂದಿಲ್ರಿ ಸಾವಕಾರ್ರ. ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಕೇಳಿದ್ರು, ಇದ್ದದ್ದು ಹೇಳೇನಿ. ನಿಮ್ಮ ಮೂಗಿಗೆ ನೆಗಡಿ ಆಗೇತಿ ಅಂತ ಅವರ ಅಂದ್ರು."

ಮನೆಯಲ್ಲಿ ಹೆಂಡತಿ ಚನ್ನವ್ವ ರೊಟ್ಟಿ ಹಾಕಿದರೆ ಅವನು ರೊಟ್ಟಿಯನ್ನೂ ಮೂಸಿದ.

"ಅದನ್ಯಾಕ ಮೂಸ್ತೀರಿ? ಜ್ವಾಳದ್ದ ಐತಿ," ಎಂದಳು ಆಕೆ.

"ಇಲ್ಲೆ ನಡಿತೈತಿ, ಅಲ್ಲೆ ನಿಲ್ಲತೈತಿ. ಹೊಳಿ ನೀರಿಗೆ ಆಗೂದಿಲ್ಲೋ, ಕೊಣ್ಣೂರಿನ ಗಾಳಿಗೆ ಆಗೂದಿಲ್ಲೋ, ಒಂದೂ ತಿಳಿವಲ್ದು."

"ನಿಮಗ ತಿಳಿವಲ್ದಂದ್ರ ತಿಳದವರನ್ನ ಕರಸ್ರಿ."

ಕರೆಸಿದ. ಅನಿಲಕುಮಾರ ಹುಬ್ಬಳ್ಳಿಯಿಂದ ಬೈಕಿನ ಮೇಲೆ ಬಂದ. ಅಂಗಡಿಯಲ್ಲಿದ್ದ ಹೊಸ ಬ್ಯಾಟರಿ ಒಂದನ್ನು ಬಿಚ್ಚಿ ಹಾಕಿ ನೋಡಿದ. ಹಸಿರು.

"ನಿಮ್ಮಲ್ಲಿರೂ ಮಾಲು ಖರೇನ ಐತ್ರಿ. ಆಕಿಗೆ ಕೊಟ್ಟದ್ದಷ್ಟ..." ಎಂದು ನಿಲ್ಲಿಸಿ, "ಬ್ಯಾರೆ ಕಡೆಯಿಂದ ಏನೂ ತಂದು ಸೇರಿಸಿಲ್ಲ ಹೌದಲ್ರಿ? ಹಂಗಿದ್ರ ಏಜೆನ್ಸಿ ತಗದಬಿಡ್ತಾರ್ರಿ," ಎಂದ. ಹೇಳುವಾಗ ಪ್ರಭುಲಿಂಗಪ್ಪನ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡಿದ.

ಆಮೇಲೆ ಚೀಲದಿಂದ ಎರಡು ಬ್ಯಾಟರಿ ತೆಗೆದು ಮುಂದಿಟ್ಟ. ಒಂದು ಕಂಪನಿಯದು, ಒಂದು ಎಲ್ಲೋ ಸಿಕ್ಕ ಖೋಟಾ. "ಯಾವದು ಖರೇದು ಹೇಳ್ರಿ ನೋಡೂಣು."

ಪ್ರಭುಲಿಂಗಪ್ಪ ಮೂಸಿದ, ಉಗುರಿನಿಂದ ಕೆರೆದ, ತೂಗಿದ, ತಟ್ಟಿದ. ಕಣ್ಣು ಮುಚ್ಚಿ ತಡೆದ. ಎಡಗಡೆಯದನ್ನು ಎತ್ತಿದ. ಅನಿಲಕುಮಾರ ಅದನ್ನೇ ಪಂಪಿಗೆ ಹಾಕಿದ. ಕೆಂಪು.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದೊಂದೇ ಸಮಾಧಾನ. ಕಳಕೇಶ ಇದ್ದ, ಆದರೆ ಅವನು ಬಾಗಿಲ ಹೊರಗಿದ್ದ.

"ಇದಕ್ಕ ಹ್ಯಾಂಗ ಗೊತ್ತಾತು?" ಎಂದು ಕೇಳಿದ ಪ್ರಭುಲಿಂಗಪ್ಪ. ದನಿ ಇಳಿದಿತ್ತು.

"ಖರೇ ಬ್ಯಾಟರಿ ಒಳಗ ಅಕ್ಕಿ ಕಾಳಿನಷ್ಟು ಒಂದು ಚಿಪ್ ಇರ್ತೈತ್ರಿ. ಕಂಪನಿಯವರು ಅದರ ಹೊಟ್ಟ್ಯಾಗ ಒಂದು ಗುಟ್ಟು ಇಟ್ಟಿರ್ತಾರ. ಪಂಪು ಚಾಲೂ ಆಗೂಕಿಂತ ಮೊದಲ ಅದಕ್ಕೊಂದು ಪ್ರಶ್ನೆ ಹಾಕತೈತಿ. ಗುಟ್ಟು ಗೊತ್ತಿದ್ದವರಿಗಷ್ಟ ಉತ್ತರ ಬರತೈತಿ. ಆದ್ರ ಗುಟ್ಟನ್ನ ಹೊರಗ ಹೇಳೂದಿಲ್ಲ."

"ಏನಂತ ಕೇಳತೈತಿ?"

"ಪ್ರತಿ ಸಲ ಬ್ಯಾರೆ."

"ಅಲ್ಲೋ ತಮ್ಮಾ, ಅದ ಪಂಪು, ಅದ ಬ್ಯಾಟರಿ, ಒಂದ ಬೆನ್ನಿನ ಮ್ಯಾಲೆ ಸಂಸಾರ. ದಿನಾ ಹೊಸಾ ಪ್ರಶ್ನೆ ಯಾಕ?"

"ದಿನಾ ಒಂದ ಉತ್ತರ ಇದ್ರ ಖೋಟಾದವರು ಕದ್ದು ಕೇಳಿ ಕಲ್ತಬಿಡ್ತಾರ್ರಿ."

ದನದ ಸಂತೆಯಲ್ಲಿ ಇಬ್ಬರು ಕೈಗಳ ಮೇಲೆ ಟವೆಲ್ ಹಾಕಿಕೊಂಡು, ಒಬ್ಬರ ಬೆರಳು ಒಬ್ಬರು ಹಿಡಿದು ಎತ್ತಿನ ದರ ಮಾತಾಡುವುದು ಪ್ರಭುಲಿಂಗಪ್ಪನಿಗೆ ನೆನಪಾಯಿತು. ಸುತ್ತ ನಿಂತವರಿಗೆ ಟವೆಲ್ ಅಲುಗುವುದು ಕಾಣುತ್ತದೆ, ದರ ಕಾಣುವುದಿಲ್ಲ.

"ಟವೆಲ್ ಕೆಳಗ ಬೆರಳು ಹಿಡದಂಗ?"

ಅನಿಲಕುಮಾರ ದನದ ಸಂತೆ ನೋಡಿದವನಲ್ಲ. "ಹಂಗ ಅಂತ ತಿಳ್ಕೊರ್ರಿ," ಎಂದ.

"ಹಂಗಾರ ಇದರ ಬೆರಳು ಎಲ್ಲೈತಿ?"

"ಇಲ್ಲಿ ನೋಡ್ರಿ, ಮೂರು ಪಟ್ಟಿ. ಎರಡು ದಪ್ಪನೂವು ಕರೆಂಟಿಗೆ. ನಡುವಿನ ಸಣ್ಣದು ಬರೇ ಮಾತಾಡಾಕ."

ಪ್ರಭುಲಿಂಗಪ್ಪ ನೋಡಿದ. ಹಣೆ ಎಂದುಕೊಂಡದ್ದು ಬೆರಳೆಂದು ತಿಳಿಯಿತು. ಅದರಿಂದ ಮುಂದೆ ಏನು ತಿಳಿಯಬೇಕೋ ಅದು ತಿಳಿಯಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ ಮಾತು. ಮೂಗು ಸುಳ್ಳು ಹೇಳಿತು. ಇಂದು ಹೇಳಿದ ಸುಳ್ಳನ್ನು ಹಿಂದೆಯೂ ಹೇಳಿರಲಿಲ್ಲವೆಂದು ಯಾರು ಹೇಳಬೇಕು? ಖೋಟಾ ಎಂದು ತಾನು ಹಿಂದಕ್ಕೆ ಕಳಿಸಿದ ಬೆಲ್ಟುಗಳೆಷ್ಟು, ಖರೆಯದೆಂದು ಎದೆ ತಟ್ಟಿ ಮಾರಿದ ಬೇರಿಂಗುಗಳೆಷ್ಟು. ಉಡಚವ್ವನಿಗೆ ತಾನು ಕೊಟ್ಟದ್ದು ಖರೆಯದೆಂದು ಈಗ ಅವನಿಗೇ ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಉಡಚವ್ವ ಬಂದಳು. ಅನಿಲಕುಮಾರನೇ ಬರಹೇಳಿದ್ದ. ಪಂಪನ್ನು ಇಳಿಸಿ, ಗಂಟು ಬಿಚ್ಚಿ ಎರಡೂ ಬ್ಯಾಟರಿಗಳನ್ನು ಹೊರಗೆ ತೆಗೆದಳು.

"ಕೆಂಪ ದೀಪದ್ದ ಒಂದು ವಿಡಿಯೋ ತಗೊಂಡು ಕಂಪನಿಗೆ ಕಳಸ್ತೀನಿ," ಎಂದು ಅನಿಲಕುಮಾರ ಫೋನು ಎತ್ತಿ ಹಿಡಿದ. "ಆಮ್ಯಾಲೆ ಇವನ್ನ ಅಲ್ಲೇ ಒಡದ ನೋಡ್ತಾರ."

"ಒಡೀತಾರ?" ಉಡಚವ್ವ ಬ್ಯಾಟರಿಯನ್ನು ಹಿಂದಕ್ಕೆ ಎಳೆದುಕೊಂಡಳು. "ತಡೀರಿ. ಈಬತ್ತಿ ಹಚ್ಚಿದ ಹಣಿ ಇದು. ಹಂಗ ಒಡಿಬಾರದ್ರಿ."

ಅಂಗಡಿಯ ಮೂಲೆಯಲ್ಲಿದ್ದ ಕೊಡದ ನೀರಿನಲ್ಲಿ ಸೆರಗಿನ ಚುಂಗು ಅದ್ದಿ ಒರೆಸತೊಡಗಿದಳು. ಕಾಯಿನೀರು ಕುಡಿದು ಒಣಗಿದ ವಿಭೂತಿ ಸುಣ್ಣದಂತೆ ಹತ್ತಿಕೊಂಡಿತ್ತು. ಉಗುರು ಹಾಕಿ ಕೆರೆದಳು. ಬಂದದ್ದನ್ನು ತನ್ನ ಹಣೆಗೆ ಇಟ್ಟುಕೊಂಡು, ಬ್ಯಾಟರಿಯನ್ನು ಸೆರಗಿನ ಒಣ ಭಾಗದಿಂದ ಒರೆಸಿ ಒಣಗಿಸಿ, ಈಗ ಬೇಕಾದ್ದು ಮಾಡಿಕೊಳ್ಳಿ ಎಂಬಂತೆ ಕೊಟ್ಟಳು. ಎರಡನೆಯದನ್ನು ತೆಗೆದುಕೊಂಡು ಅದಕ್ಕೂ ಹಾಗೆಯೇ ಮಾಡತೊಡಗಿದಳು.

ಅನಿಲಕುಮಾರ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಿಂದ ಮೊದಲನೆಯದನ್ನು ಪಂಪಿಗೆ ಹಾಕಿದ. "ಈಗ ನೋಡ್ರಿ, ಕೆಂಪು ದೀಪ," ಎಂದು ಫೋನಿಗೆ ಹೇಳಿದ.

ಹಸಿರು ದೀಪ ಹತ್ತಿತು. ಪಂಪು ಗುಂಯ್ ಎಂದಿತು. ಕಡಲೆಗೆಂದು ತುಂಬಿಟ್ಟಿದ್ದ ನೀರು ಬಾಗಿಲಲ್ಲಿ ನಿಂತ ಕಳಕೇಶನ ಧೋತರಕ್ಕೆ ಮತ್ತೆ ಬಿತ್ತು.

"ಏನ ಮಾಡಿದಿ ನೀನು?" ಎಂದ ಅನಿಲಕುಮಾರ ಉಡಚವ್ವನಿಗೆ.

"ಏನ ಮಾಡೂದ್ರಿ? ದೇವರ ಈಬತ್ತಿ ಹಣಿಗೆ ಹಚ್ಕೊಂಡೆ."

ಕಳಕೇಶ ಧೋತರ ಹಿಂಡುತ್ತ, "ಪ್ರಭಣ್ಣ, ನೀ ಹಚ್ಚಿದ್ರ ಬಂದ್, ಆಕಿ ಒರಸಿದ್ರ ಚಾಲೂ. ಅಂಗಡಿ ಆಕಿ ಹೆಸರಿಗೆ ಮಾಡಿ ನೀ ಎಣ್ಣಿ ಹೊಡಿಯಾಕ ಹೋಗು," ಎಂದ.

ಪ್ರಭುಲಿಂಗಪ್ಪ ಎದ್ದ. ಆಗಲೇ ಹಸಿರು ತೋರಿಸಿದ್ದ ಅಂಗಡಿಯ ಹೊಸ ಬ್ಯಾಟರಿಯನ್ನು ತೆಗೆದುಕೊಂಡ. ವಿಭೂತಿ ತಿಕ್ಕಿ ಅದೇ ಜಾಗದಲ್ಲಿ ಮೂರೆಳೆ ಎಳೆದ. ಫ್ಯಾನಿನ ಕೆಳಗೆ ಹಿಡಿದು ಒಣಗಿಸಿ ಪಂಪಿಗೆ ಹಾಕಿದ. ಕೆಂಪು. ಒರೆಸಿದ. ಹಸಿರು. ಮತ್ತೆ ಎಳೆದ. ಕೆಂಪು.

"ಸಾಕ್ರಿ," ಎಂದ ಅನಿಲಕುಮಾರ. ಅವನಿಗೆ ನಗು ಬರುತ್ತಿತ್ತು, ಆದರೆ ವಯಸ್ಸಾದವರ ಕೈಯಲ್ಲಿ ವಿಭೂತಿ ಇತ್ತು. "ದಪ್ಪ ಪಟ್ಟಿ ಈಬತ್ತಿ ಕೆರಕೊಂಡು ಒತ್ತಿ ಕೂಡತಾವ, ನಡುವಿನ ಸಣ್ಣ ಪಟ್ಟಿ ಮುಚ್ಚಿಹೋಗೇತ್ರಿ. ಪಂಪು ಕೇಳಿದ್ದು ಬ್ಯಾಟರಿಗೆ ಮುಟ್ಟೂದಿಲ್ಲ, ಬ್ಯಾಟರಿ ಹೇಳಿದ್ದು ಪಂಪಿಗೆ ಮುಟ್ಟೂದಿಲ್ಲ."

"ಬೆರಳಿಗೆ ಅರಿವಿ ಸುತ್ತಕೊಂಡು ಟವೆಲಿನ್ಯಾಗ ಕೈ ಇಟ್ಟಂಗ."

"ಹಂಗ ಅಂತ ತಿಳ್ಕೊರ್ರಿ."

ಪ್ರಭುಲಿಂಗಪ್ಪನಿಗೆ ಅರ್ಧ ತಿಳಿಯಿತು. ಉಳಿದ ಅರ್ಧ ಇನ್ನಷ್ಟು ಗೋಜಲಾಯಿತು. "ಅಲ್ಲೋ, ಉತ್ತರ ಕೇಳಸಲಿಲ್ಲಂದ್ರ ಕೇಳಸಲಿಲ್ಲ ಅನಬೇಕು. ಖೋಟಾ ಅಂತ ಹ್ಯಾಂಗ ಅಂತು ಇದು?"

ಕಂಪನಿಗೆ ಹೇಳುತ್ತೇನೆ ಎಂದ ಅನಿಲಕುಮಾರ. ಕಂಪನಿಯವರಿಗೂ ಅದು ಮುಟ್ಟುತ್ತದೋ ಇಲ್ಲವೋ.

ಉಡಚವ್ವ ಪಂಪನ್ನು ಬೆನ್ನಿಗೇರಿಸಿದಳು. ಹೊರಡುವವಳು ಹೊಸ್ತಿಲಲ್ಲಿ ನಿಂತಳು.

"ಸಾವಕಾರ್ರ, ಊರಾಗ ಖೋಟಾ ಅಂತ ಹೇಳಿಬಂದೇನಿ. ಈಗ ಹೋಗಿ ಅಲ್ಲ ಅಂತೀನಿ. ಹಂಗಾರ ನಿಂತಿದ್ದು ಯಾಕ ಅಂತ ಕೇಳಿದ್ರ ಏನ ಹೇಳ್ಲಿ?"

ಎಲ್ಲರೂ ಪ್ರಭುಲಿಂಗಪ್ಪನ ಮುಖ ನೋಡಿದರು. ನೀರು ಸೋಕಿತ್ತು ಎನ್ನಬಹುದಿತ್ತು. ಅವಳಿಗೇ ಹಾಕಲು ಬರಲಿಲ್ಲ ಎನ್ನಬಹುದಿತ್ತು. ಅನಿಲಕುಮಾರ ಇಲ್ಲವೆನ್ನುತ್ತಿರಲಿಲ್ಲ, ಅವನಿಗೂ ವ್ಯಾಪಾರ ಬೇಕು. ಪ್ರಭುಲಿಂಗಪ್ಪ ಎರಡೂ ಕಡೆ ತೂಗಿದ. ಖೋಟಾ ಮಾಲು ಮಾರುವವನು ಎನ್ನಿಸಿಕೊಳ್ಳುವುದೋ, ದೇವರ ಕಾರ್ಯ ಮಾಡಿ ಮಷೀನು ನಿಲ್ಲಿಸಿದವನು ಎನ್ನಿಸಿಕೊಳ್ಳುವುದೋ. ಒಂದರಲ್ಲಿ ಅಂಗಡಿ ಹೋಗುತ್ತಿತ್ತು, ಇನ್ನೊಂದರಲ್ಲಿ ಮಂದಿ ನಗುತ್ತಿದ್ದರು.

"ಇದ್ದದ್ದು ಹೇಳವಾ. ಮಾಲು ಖರೇ ಇತ್ತು, ಸಾವಕಾರನ ಪೂಜಿ ಜಾಸ್ತಿ ಆಗಿತ್ತು ಅಂತ."

ಅವಳು ಹೇಳಿದಳು. ಹೇಳುವುದರಲ್ಲಿ ಅವಳು ಜಿಪುಣಿ ಅಲ್ಲ. ಆ ವಾರವೆಲ್ಲ ಕೊಣ್ಣೂರಿನಿಂದ, ಹೊಳೆಯ ಆಚೆ ದಂಡೆಯ ಊರುಗಳಿಂದ, ವಿಭೂತಿ ಹಚ್ಚಿದರೆ ನಿಲ್ಲುವ ಪಂಪು ನೋಡಬೇಕೆಂದು ಜನ ಬಂದರು. ನೋಡಲು ಬಂದವರಲ್ಲಿ ಕೊಂಡವರೂ ಇದ್ದರು. ಪ್ರಭುಲಿಂಗಪ್ಪ ವಿಭೂತಿಯ ಬಟ್ಟಲು ಹಿಡಿದು ಬಂದರೆ, ಗಿರಾಕಿಗಳು ಬ್ಯಾಟರಿಯ ಮೇಲೆ ಅಂಗೈ ಮುಚ್ಚಿ, "ಇಲ್ಲೆ ಬ್ಯಾಡ್ರಿ, ಮ್ಯಾಲೆ ಹಚ್ರಿ," ಎನ್ನುತ್ತಿದ್ದರು. ಅವನು ಟ್ಯಾಂಕಿನ ಮುಚ್ಚಳಕ್ಕೆ ಹಚ್ಚಿ ಕೈಮುಗಿಯುತ್ತಿದ್ದ. ಮುಚ್ಚಳ ಹಣೆ ಹೌದೋ ಅಲ್ಲವೋ ಎಂದು ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

ಮುಂದಿನ ಸೋಮವಾರ ಪುರ್ತಗೇರಿಯ ಪರಶಪ್ಪ ಬೇರೆ ಊರಲ್ಲಿ ಕೊಂಡ ಬೆಲ್ಟೊಂದನ್ನು ತಂದು ಮುಂದೆ ಹಾಕಿದ. "ಸಾವಕಾರ್ರ, ಒಂಚೂರು ಮೂಸಿ ಹೇಳ್ರಿ, ಖರೇದೋ ಖೋಟಾನೋ?"

ಪ್ರಭುಲಿಂಗಪ್ಪ ಮೂಸಿದ. ಗ್ರೀಸು, ಧೂಳು, ಏನೋ ಹುಳಿ ವಾಸನೆ. ಕಣ್ಣು ಮುಚ್ಚಿದ. ಬಾಯಿ ತುದಿಗೆ ಖೋಟಾ ಎಂಬ ಮಾತು ಬಂದಿತ್ತು. ಎದುರಿನಿಂದ ಕಳಕೇಶ ನೋಡುತ್ತಿದ್ದ.

ಕಣ್ಣು ಬಿಟ್ಟು ಬೆಲ್ಟನ್ನು ಹಿಂದಕ್ಕೆ ಕೊಟ್ಟ.

"ಮೊದಲ ಒರಸಿ ತಾ," ಎಂದ.