ದೀಪ ಹಚ್ಚುವ ಮೊದಲಿನ ಕೂಲಿ

ಅವಳ ಸೀರೆ ಎಡಸೊಂಟದ ಹತ್ತಿರ ಮಾತ್ರ ಸವೆದು ಜಾಳುಜಾಳಾಗಿರುತ್ತಿತ್ತು. ಅಲ್ಲಿ ಯಾವಾಗಲೂ ಯಾರದಾದರೂ ಮಗು ಕೂತಿರುತ್ತಿತ್ತು. ಮಗು ಇಲ್ಲದಾಗಲೂ ಅವಳು ಆ ಕಡೆಗೆ ವಾಲಿಕೊಂಡೇ ನಡೆಯುತ್ತಿದ್ದಳು. ಹೊಳೆನರಸೀಪುರದ ನಮ್ಮ ಬೀದಿಯವರೆಲ್ಲ ಅವಳನ್ನು ತೊಟ್ಟಿಲಕ್ಕ ಎನ್ನುತ್ತಿದ್ದರು. ಅರಕಲಗೂಡಿನಿಂದ ಸೊಸೆಯಾಗಿ ಬಂದ ನನಗೆ ಚೊಚ್ಚಲ ಮಗುವಾದ ಮೇಲೆ ಅವಳು ನಮ್ಮ ಮನೆಗೂ ಬರತೊಡಗಿದಳು. ಆಗ ಯುದ್ಧದ ಕಾಲ, ಸೀಮೆಎಣ್ಣೆಗೂ ಸಕ್ಕರೆಗೂ ಪರದಾಟ.

ಎಂಥ ಹಟಮಾರಿ ಮಗುವೂ ಅವಳ ಹೆಗಲ ಮೇಲೆ ತಣ್ಣಗಾಗುತ್ತಿತ್ತು. ಜೋಗುಳ ಹಾಡುವವಳಲ್ಲ. ಮಗುವಿನ ಕಿವಿಗೆ ಬಾಯಿಟ್ಟು ಊರ ಸುದ್ದಿ ಹೇಳುತ್ತಿದ್ದಳು: “ಶ್ಯಾನುಬೋಗ್ರ ಎಮ್ಮೆ ಈದದೆ ಕಣ್ಲಾ, ಗಿಣ್ಣು ಯಾರ್ಗೂ ಕೊಡ್ನಿಲ್ವಂತೆ.” ನನ್ನ ಮಗ ಅದನ್ನು ಬಲು ಗಂಭೀರವಾಗಿ ಕೇಳಿ ನಿದ್ದೆ ಹೋಗುತ್ತಿದ್ದ.

ಪುಟ್ಟ ಮಗಳನ್ನೂ ಅವಳನ್ನೂ ಬಿಟ್ಟು ಕೊಡಗಿನ ಕಾಫಿ ತೋಟಕ್ಕೆಂದು ಹೋದ ಅವಳ ಗಂಡನ ಪತ್ತೆಯೇ ಇರಲಿಲ್ಲ. ಅವಳೇನೋ ಕುಂಕುಮ ಇಡುತ್ತಿದ್ದಳು. ಅವನು ಬದುಕಿದ್ದಾನೋ ಇಲ್ಲವೋ ಎಂಬ ಅನುಮಾನದಲ್ಲಿ ಬೀದಿಯ ಹೆಂಗಸರು ಅವಳನ್ನು ಬಾಗಿನಕ್ಕೆ ಕರೆಯುತ್ತಿರಲಿಲ್ಲ. ಆ ಅನುಮಾನ ಅವರಿಗೆ ಬಹಳ ಅನುಕೂಲವಾಗಿತ್ತು. ಗೌರಿ ಹಬ್ಬದ ಸಂಜೆ ಎಲ್ಲರೂ ರೇಷ್ಮೆ ಸೀರೆಯುಟ್ಟು ಅರಿಶಿನ ಕುಂಕುಮಕ್ಕೆ ಮನೆಮನೆ ತಿರುಗುವಾಗ ಮಕ್ಕಳನ್ನು ನೋಡಿಕೊಳ್ಳಲು ಅವಳೊಬ್ಬಳು ಬಿಡುವಾಗಿರುತ್ತಿದ್ದಳು.

ಕೂಲಿಯ ಮಾತು ಬಂದಾಗಲೇ ನನಗೆ ಮೈ ಉರಿಯುತ್ತಿದ್ದುದು. ಉಳಿದ ದಿನ ಒಂದಾಣೆ ಕೊಡುತ್ತಿದ್ದರು. ಕೈತುಂಬ ಕೆಲಸವಿರುವ ಹಬ್ಬದ ಸಂಜೆ ಅದೂ ಇಲ್ಲ. ದೀಪ ಹಚ್ಚಿದ ಮೇಲೆ ಲಕ್ಷ್ಮಿಯನ್ನು ಹೊಸಿಲು ದಾಟಿಸಬಾರದಂತೆ. ಅವಳ ಕೆಲಸ ಮುಗಿಯುತ್ತಿದ್ದುದೋ ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ. “ನಾಳೆ ಬಾ” ಎನ್ನುವರು. ನಾಳೆ ಹೋದರೆ ಮಿಕ್ಕ ಒಬ್ಬಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟು, “ನೀನು ಮನೆಮಗಳ ಹಾಗೆ. ಮನೆಮಗಳಿಗೆ ಯಾರಾದ್ರೂ ಕೂಲಿ ಕೊಡ್ತಾರೇನೇ?” ಎನ್ನುವರು. ಇದರಲ್ಲಿ ನಮ್ಮ ಅತ್ತೆಯೇ ಮುಂದು. ಯಾರಿಗಾದರೂ ಕೊಡುವ ಮನಸ್ಸಾದರೂ ಪಕ್ಕದ ಮನೆಯವರು, “ನೀವು ಕೊಟ್ಟರೆ ನಾವೂ ಕೊಡಬೇಕಾಗುತ್ತಲ್ಲ” ಎಂದು ತಡೆಯುತ್ತಿದ್ದರು. ಒಬ್ಬಟ್ಟು ತಿಂದು ಯಾರ ಮನೆಯ ದೀಪಕ್ಕೆ ಎಣ್ಣೆ ಬರುತ್ತದೆ? ಕೇಳೋಣವೆಂದರೆ ಬೀರುವಿನ ಬೀಗದ ಕೈ ಅತ್ತೆಯ ಸೊಂಟದಲ್ಲಿ, ನನ್ನ ಕೈಯಲ್ಲಿ ಬಿಡಿಗಾಸಿಲ್ಲ.

ಒಂದು ಗೌರಿ ಹಬ್ಬದಂದು ಅವಳು ಬಿಸಿಲಿರುವಾಗಲೇ ಬಂದಳು. ನನ್ನ ಮಗನನ್ನು ಎತ್ತಿಕೊಂಡು ಅತ್ತೆಯ ಎದುರು ನಿಂತು, “ಅಬ್ಬದ ಸಂಜೆಗೆ ಎರಡಾಣೆ ಕಣವ್ವ. ಈಗ್ಲೇ ಕೊಟ್ಬುಡಿ, ದೀಪ ಅಚ್ಚಾಕ್ ಮುಂಚೆ” ಎಂದಳು.

“ಇದೇನೇ ಹೊಸದು?”

“ನನ್ ಕೂಸು ನೈವೇದ್ಯಕ್ಕೆ ಕೈ ಆಕ್ತದೆ, ಅಬ್ಬದ್ ದಿನ ಕರ್ಕಂಬರ್ಬ್ಯಾಡ ಅಂದ್ರಲ್ಲವ್ವ. ಕುಂಬಾರಗೇರಿ ಮುದ್ಕಿ ತಾವ ಬುಟ್ಟು ಬತ್ತೀನಿ. ಅವ್ಳಿಗೆ ಅರ್ಧಾಣೆ ಕೊಡ್ಬೇಕು. ಒಬ್ಬಟ್ಟು ಬ್ಯಾಡ, ಕಾಸೇ ಮಡಗು ಅಂತಾಳೆ.”

ನನಗೆ ವಿಷಯ ತಿಳಿದದ್ದೇ ಆಗ. ನಮ್ಮ ಮಕ್ಕಳನ್ನು ಪುಗಸಟ್ಟೆ ನೋಡಿಕೊಳ್ಳುವುದಕ್ಕಾಗಿ ಅವಳು ತನ್ನ ಮಗುವನ್ನು ದುಡ್ಡು ಕೊಟ್ಟು ಬಿಟ್ಟುಬರುತ್ತಿದ್ದಳು!

ಅತ್ತೆ ಸರಸರನೆ ಒಳಗೆ ಹೋಗಿ ಸಂಜೆಯ ದೀಪವನ್ನು ಆಗಲೇ ಹಚ್ಚಿ ತಂದು ಹೊಸಿಲ ಮೇಲಿಟ್ಟರು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು, ಒಣಗಿಹಾಕಿದ ಬಟ್ಟೆ ಕೂಡ ತೆಗೆದಿರಲಿಲ್ಲ. “ದೀಪ ಹಚ್ಚಾಯ್ತಲ್ಲೇ. ಇನ್ನು ನಾಳೆ ನೋಡೋಣ” ಎಂದರು.

ತೊಟ್ಟಿಲಕ್ಕ ದೀಪ ನೋಡಿದಳು, ಬಿಸಿಲು ನೋಡಿದಳು. ಮಗುವನ್ನು ಚಾಪೆಯ ಮೇಲೆ ಮೆತ್ತಗೆ ಕೂರಿಸಿ ಕೈಗೆ ಗಿಲಕಿ ಕೊಟ್ಟಳು. “ಅಂಗಾದ್ರೆ ನೀವೇ ನೋಡ್ಕಳಿ ಕಣವ್ವ. ನನ್ ಕೂಸು ಕಾಯ್ತದೆ” ಎಂದು ಹೊರಟೇಹೋದಳು.

ಬೇರೆ ಯಾವ ಮನೆಗೂ ಹೋಗಲಿಲ್ಲ. ಆ ಸಂಜೆ ಬೀದಿಯ ರೇಷ್ಮೆ ಸೀರೆಗಳ ಮೇಲೆಲ್ಲ ಮಕ್ಕಳ ಸಿಂಬಳ. ಬಾಗಿನದ ಮೊರ ಒಂದೆರಡು ಮಗುಚಿ ಬಿದ್ದವು. ಅವಳಿಗೆ ಕೊಬ್ಬು ಎಂದು ಎಲ್ಲರೂ ಬೈದರು. ನನಗಂತೂ ಅತ್ತೆಯ ಮೇಲಿನ ಸಿಟ್ಟಿಗೆ ಊಟವೇ ಸೇರಲಿಲ್ಲ.

ಮುಂದಿನ ವರ್ಷ ಅಣ್ಣ ಅರಕಲಗೂಡಿನಿಂದ ಬಂದು, ಹೆಣ್ಣುಮಕ್ಕಳಿಗೆ ತವರಿನವರು ಕೊಡುವ ಗೌರಿ ಹಬ್ಬದ ಕಾಸು ಎಂದು ನನ್ನ ಕೈಗೆ ಒಂದು ರೂಪಾಯಿ ಇಟ್ಟ. ಮಧ್ಯಾಹ್ನವೇ ಅದನ್ನು ತೊಟ್ಟಿಲಕ್ಕನ ಮನೆಗೆ ಒಯ್ದೆ. ಅವಳು ಪೂರ್ತಿ ತೆಗೆದುಕೊಳ್ಳಲು ಸುತರಾಂ ಒಪ್ಪಲಿಲ್ಲ.

“ಅಬ್ಬ ಅಂದ್ರೆ ದುಪ್ಪಟ್ಟು, ಅಷ್ಟೇಯ. ಅಂಗ್ಡೀಲಿ ಮುರಿಸ್ಕಂಡು ಬಾ, ಓಗು. ತವ್ರಿನ ಕಾಸು ಇಂಗೆ ದಾನ ಮಾಡ್ಬಾರ್ದು.”

ಎರಡಾಣೆ ತೆಗೆದುಕೊಂಡು ಸಂಜೆ ನಗುತ್ತ ಬಂದಳು. ಆ ಬೀದಿಯಲ್ಲಿ ಹಬ್ಬದ ಕೂಲಿ ಅವಳ ಕೈ ಸೇರಿದ್ದು ಅದೊಂದೇ ಸಲ. ಆ ಚಳಿಗಾಲದಲ್ಲಿ ಜ್ವರ ಬಂದು ಅವಳು ತೀರಿಕೊಂಡಳು.

ಬೀದಿಯ ಹೆಂಗಸರೆಲ್ಲ ಅವಳ ಅಂಗಳದಲ್ಲಿ ನಿಂತು ಅತ್ತರು. “ಮನೆಮಗಳ ಹಾಗಿದ್ದಳು” ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. “ಮನೆಮಗಳಿಗೆ ಗೌರಿ ಹಬ್ಬಕ್ಕೆ ಕಾಸು ಕೊಡ್ತಾರಲ್ಲ ಅತ್ತೆ, ನಾವು ಯಾವತ್ತು ಕೊಟ್ವಿ?” ಎಂದುಬಿಟ್ಟೆ.

“ಅದು ಬೇರೆ. ಸುಮ್ನಿರು” ಎಂದರು.

ಅದು ಹೇಗೆ ಬೇರೆಯೋ ಇಂದಿಗೂ ನನಗೆ ಅರ್ಥವಾಗಿಲ್ಲ, ಆ ಸಿಟ್ಟೂ ಇಳಿದಿಲ್ಲ. ಅವಳು ಮನೆಮಗಳಾಗಿದ್ದರೆ ಅವಳ ಮಗು ಅವರೆಲ್ಲರಿಗೂ ಮೊಮ್ಮಗಳಾಗಬೇಕಿತ್ತು. ನಮ್ಮ ಮನೆಗೆ ಕರೆದೊಯ್ಯೋಣವೆಂದು ನಾನು ಕೇಳಿದೆ, ಬೈಸಿಕೊಂಡೆ. ಉಳಿದವರು ಅತ್ತು ಮುಗಿಸಿ ಮನೆಗೆ ಹೊರಟರು. ಕುಂಬಾರಗೇರಿಯ ಮುದುಕಿ ಮಗುವನ್ನು ಎತ್ತಿಕೊಂಡು ಹೋದಳು, ತನ್ನ ಮನೆಯಲ್ಲೇ ಇಟ್ಟುಕೊಂಡು ಬೆಳೆಸಿದಳು. ಕಾಸಿನ ಮಾತನ್ನು ಅವಳು ಯಾರ ಹತ್ತಿರವೂ ಎತ್ತಲಿಲ್ಲ.